ತೊಗರಿ ಧೂಳು, ಹಳೇ ಲ್ಯಾಪ್‌ಟಾಪು, ಎರಡು ಚೀಲದ ಲೆಕ್ಕ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನ ದುಧನಿಯಲ್ಲಿ ನನ್ನದೊಂದು ಸಣ್ಣ ಅಡತಿ ಅಂಗಡಿ. ಗಡಿಯಾಚೆಯ ಅಫಜಲಪುರ, ಆಳಂದ ಕಡೆಯ ರೈತರೂ ನಮ್ಮಲ್ಲಿಗೆ ತೊಗರಿ, ಕಡಲೆ ತರುತ್ತಾರೆ. ಮಾತು ಕನ್ನಡ, ಪಟ್ಟಿ ಮರಾಠಿ, ತೆರಿಗೆಯ ಕಾಗದ ಇಂಗ್ಲಿಷ್. ನಮ್ಮ ತಂದೆಯವರು ಕೆಂಪು ರಟ್ಟಿನ ಕೀರ್ದಿ ಪುಸ್ತಕದಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು 2013ರಲ್ಲಿ ಒಂದು ಲ್ಯಾಪ್‌ಟಾಪ್ ಕೊಂಡು ಅದೆಲ್ಲವನ್ನೂ ಅದರೊಳಗೆ ಇಳಿಸಿದೆ.

ಹನ್ನೊಂದು ವರ್ಷ ಅದು ಎತ್ತಿನ ಹಾಗೆ ದುಡಿಯಿತು. 2024ರ ಮಾರ್ಚ್‌ನಲ್ಲಿ ಮುಗ್ಗರಿಸತೊಡಗಿತು. ತೂಕ ಬರೆಯುತ್ತಿದ್ದಂತೆ ಪರದೆ ಕಪ್ಪಾಗುವುದು, ಇಲ್ಲವೇ ನೀಲಿಯಾಗಿ ಏನೋ ಇಂಗ್ಲಿಷ್ ಅಕ್ಷರ ಮೂಡಿ ತಾನೇ ಮತ್ತೆ ಶುರುವಾಗುವುದು. ವಯಸ್ಸಾಗಿದೆ, ಸಹಿಸಿಕೊಂಡರಾಯಿತು ಎಂದು ನಾನು ಅಲಕ್ಷ್ಯ ಮಾಡಿದೆ. ಆ ಅಲಕ್ಷ್ಯಕ್ಕೆ ತಕ್ಕ ಪಾಠವೂ ಆಯಿತು.

ಒಂದು ದಿನ ಅಫಜಲಪುರ ಕಡೆಯ ವಯಸ್ಸಾದ ರೈತರೊಬ್ಬರು ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತರು. ಹಿಂದಿನ ದಿನ ಮಾಲು ಹಾಕಿ ಹೋಗಿದ್ದವರು.

"ಸಾವಕಾರ್ರ, ನಾ ತಂದದ್ದು ಹನ್ನೊಂದು ಚೀಲ. ನಿಮ್ಮ ಪಟ್ಟ್ಯಾಗ ಒಂಬತ್ತೇ ಅದಾವ."

ನನ್ನ ಬಾಯಿಂದ ಬರಬಾರದ ಮಾತು ಬಂತು: "ಕಾಕಾ, ಕಂಪ್ಯೂಟರ್ ಸುಳ್ಳು ಹೇಳತದೇನ್ರಿ?"

ಮುದುಕರು ಸಿಟ್ಟಾಗಲಿಲ್ಲ. "ಸುಳ್ಳು ಹೇಳಲಿಕ್ಕಿಲ್ಲ, ಖರೇ. ಮರೀತದೇನು ನೋಡ್ರಿ" ಅಂದರು.

ಹಮಾಲರ ಮುಖ್ಯಸ್ಥನ ಕಿಸೆಯ ಪುಸ್ತಕ ತರಿಸಿ ನೋಡಿದೆ. ಹನ್ನೊಂದು ಗೆರೆ ಇದ್ದವು! ಒಂಬತ್ತು ಚೀಲ ಬರೆದು ಉಳಿಸಿದ್ದೆ. ಹತ್ತು, ಹನ್ನೊಂದು ಬರೆಯುವಾಗ ಯಂತ್ರ ಬಿದ್ದಿತ್ತು. ಮತ್ತೆ ಎದ್ದಾಗ ಗದ್ದಲದಲ್ಲಿ ನಾನು ನೋಡದೆ ಪಟ್ಟಿ ಹರಿದು ಕೊಟ್ಟಿದ್ದೆ. ಎರಡು ಚೀಲದ ರೊಕ್ಕ ಕೊಟ್ಟು ಕೈಮುಗಿದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಇವರು ಮರಳಿ ಬಂದು ಕೇಳಿದರು, ಕೇಳದೆ ಹೋದವರೆಷ್ಟು? ಹದಿನೈದು ದಿನದ ಹಮಾಲರ ಲೆಕ್ಕ ತಾಳೆ ನೋಡಿದೆ. ಇನ್ನೂ ಇಬ್ಬರ ಪಟ್ಟಿಯಲ್ಲಿ ಚೀಲ ಕಡಿಮೆ ಇದ್ದವು. ಅವರ ಮನೆಗೇ ಹೋಗಿ ಕೊಟ್ಟು ಬಂದೆ.

ಮೊದಲು ಬರೆದಿಡಿ

ರಿಪೇರಿ ಮಾಡುವವರೊಬ್ಬರಿಗೆ ತೋರಿಸಿದಾಗ ಅವರು ಮುಟ್ಟದೆಯೇ "ಫಾರ್ಮ್ಯಾಟ್ ಹೊಡೀಬೇಕು" ಎಂದರು. ಎಂದರೆ ಒಳಗಿನದೆಲ್ಲ ಅಳಿಸಿ ಹೊಸದಾಗಿ ತುಂಬುವುದು. ನಾನು ಒಪ್ಪದೆ ಹೊತ್ತುಕೊಂಡು ಬಂದೆ. ಸೊಲ್ಲಾಪುರದಲ್ಲಿ ಡಿಪ್ಲೊಮಾ ಓದುವ ನನ್ನ ತಂಗಿಯ ಮಗ ರಜೆಗೆ ಬಂದಿದ್ದ. ಅವನು ಕೇಳಿದ ಮೊದಲ ಮಾತು: "ಮಾಮಾ, ಅದು ಯಾವಾಗ ಯಾವಾಗ ಬೀಳತದ ಅಂತ ಬರದಿಟ್ಟೀರೇನು?"

ಪಂಪ್‌ಸೆಟ್ ಕೆಟ್ಟರೆ ನಾವು ಕೇಳುವುದೂ ಇದನ್ನೇ ಅಲ್ಲವೇ? ಶುರುವಿನಲ್ಲೇ ನಿಲ್ಲುತ್ತದೋ, ತಾಸು ಓಡಿ ನಿಲ್ಲುತ್ತದೋ? ಎಂಟು ದಿನ ಬರೆದೆವು: ಹೊತ್ತು ಎಷ್ಟು, ಏನು ಕೆಲಸ ನಡೆದಿತ್ತು, ಚಾರ್ಜರ್ ಹಚ್ಚಿತ್ತೋ ಇಲ್ಲವೋ, ಪರದೆಯ ಮೇಲೆ ಏನು ಬಂತು. ವಿಂಡೋಸ್ ಕೂಡ ‘ಇವೆಂಟ್ ವ್ಯೂವರ್’ ಎಂಬಲ್ಲಿ ತನ್ನ ದಿನಚರಿ ಬರೆಯುತ್ತದೆ. ಅಲ್ಲಿ ‘ಕರ್ನಲ್ ಪವರ್ 41’ ಎಂಬ ನಮೂದು ಸಾಲುಸಾಲಾಗಿತ್ತು. ಅದನ್ನು ಕಂಡು ಪವರ್ ಕೆಟ್ಟಿದೆ ಎಂದು ಚಾರ್ಜರ್ ಕೊಳ್ಳಲು ಓಡಬೇಡಿ. ಸರಿಯಾಗಿ ಮುಚ್ಚದೆ ಯಂತ್ರ ಮತ್ತೆ ಶುರುವಾಯಿತು ಎಂದಷ್ಟೇ ಅದರ ಅರ್ಥ; ಕಾರಣ ಅದು ಹೇಳುವುದಿಲ್ಲ.

ನಮ್ಮ ಪಟ್ಟಿಯೇ ಹೆಚ್ಚು ಹೇಳಿತು. ಬೀಳುವ ರೀತಿ ಎರಡಿದ್ದವು. ಒಂದು, ಮಧ್ಯಾಹ್ನದ ಬಿಸಿಲಲ್ಲಿ ಯಾವ ಸುದ್ದಿಯೂ ಇಲ್ಲದೆ ತಟ್ಟನೆ ಕಪ್ಪಾಗುವುದು. ಆಗ ಕೆಳಭಾಗ ಕಾದ ಹಂಚಿನಂತಿರುತ್ತಿತ್ತು. ಇನ್ನೊಂದು, ಬೆಳಗಿನ ತಂಪಿನಲ್ಲೂ ನೀಲಿ ಪರದೆ ಬರುವುದು. ಪ್ರತಿ ಸಲವೂ ಅದರ ಮೇಲಿನ ಹೆಸರು ಬೇರೆ. "ಇದು ಒಂದು ರೋಗ ಅಲ್ಲ ಮಾಮಾ, ಎರಡು" ಅಂದ ಹುಡುಗ.

ಮೊದಲು ಕಾಪಿ, ಆಮೇಲೆ ರಿಪೇರಿ

ಬಿಚ್ಚುವ ಮೊದಲು ಎಲ್ಲ ಲೆಕ್ಕವನ್ನೂ ಹೊರಗಿನ ಡಿಸ್ಕಿಗೆ ಇಳಿಸಿದೆವು. ಬೀಳುವ ಯಂತ್ರದ ಹಾರ್ಡ್‌ಡಿಸ್ಕೂ ಸಾಯುತ್ತಿರಬಹುದು. ಮೊದಲೇ ಪರೀಕ್ಷೆ, ದುರಸ್ತಿ ಎಂದು ಅದನ್ನು ಗಂಟೆಗಟ್ಟಲೆ ದುಡಿಸಿದರೆ ಇದ್ದದ್ದೂ ಹೋದೀತು.

ಗಡಿಯ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ನನ್ನ ಹಳೇ ಕಡತಗಳು ಬರಹ, ನುಡಿಯ ಹಳೇ ಫಾಂಟುಗಳಲ್ಲಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಉಚಲು’ ಪಡೆದವರ ಹೆಸರೆಲ್ಲ ಇಂಗ್ಲಿಷ್ ಕಲಸುಮೇಲೋಗರವಾಗಿ ಕಾಣುತ್ತದೆ. ಸೊಲ್ಲಾಪುರದ ಅಂಗಡಿಯವರ ಬಳಿ ಕನ್ನಡ ಫಾಂಟು ಎಲ್ಲಿ ಸಿಗಬೇಕು? ಆದ್ದರಿಂದ ಕಡತದ ಜೊತೆಗೆ ಫಾಂಟನ್ನೂ ಕಾಪಿ ಮಾಡಿಕೊಳ್ಳಿ. ಬರಹ, ನುಡಿ ಎರಡರಲ್ಲೂ ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಅನುಕೂಲವಿದೆ. ಒಮ್ಮೆ ಬದಲಿಸಿದರೆ ಇಂದಿನ ಯಾವ ಕಂಪ್ಯೂಟರಿನಲ್ಲೂ, ಮೊಬೈಲಿನಲ್ಲೂ ಓದಬಹುದು.

ಒಂದನೇ ರೋಗ: ಉಸಿರು ಕಟ್ಟಿದ್ದು

ಯಂತ್ರ ಬಂದ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಹಿಂಬದಿಯ ಸ್ಕ್ರೂ ಬಿಚ್ಚಿದೆವು. ಫ್ಯಾನಿಗೂ ತಾಮ್ರದ ಕೊಳವೆಯ ತುದಿಯ ಜಾಲರಿಗೂ ನಡುವೆ ತೊಗರಿ ಹೊಟ್ಟಿನ ಧೂಳು ಕಂಬಳಿಯ ಹಾಗೆ ಕೂತಿತ್ತು. ಹನ್ನೊಂದು ವರ್ಷ ತೂಕದ ಕಾಟಾದ ಪಕ್ಕದಲ್ಲೇ ಇಟ್ಟಿದ್ದೆನಲ್ಲ! ಗಾಳಿ ಹೊರಬೀಳದೆ ಒಳಗಿನ ಪ್ರೊಸೆಸರ್ ಕಾಯುತ್ತಿತ್ತು. ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಸುಟ್ಟುಹೋಗದಿರಲೆಂದು ಅದು ತಾನೇ ಬಂದ್ ಆಗುತ್ತದೆ. ಪತ್ರಾಸಿನ ಚಾವಣಿಯ ಕೆಳಗೆ ನಮ್ಮ ಮಾರ್ಚ್ ಬಿಸಿಲು ಬೇರೆ.

ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದೆವು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ಬೆರಳಿಂದ ಹಿಡಿದುಕೊಳ್ಳಬೇಕು; ಗಾಳಿಗೆ ಮಿತಿಮೀರಿ ತಿರುಗಿದರೆ ಫ್ಯಾನು ಕೆಡಬಹುದು. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಒರೆಸಿ ಹೊಸದು ಹಚ್ಚಿದೆವು. ಬ್ಯಾಟರಿ ಉಬ್ಬಿದೆಯೇ ಎಂದೂ ನೋಡಿದೆವು. ಉಬ್ಬಿದ್ದರೆ ಒತ್ತಬಾರದು, ಚುಚ್ಚಬಾರದು. ಬೆಂಕಿ ಹತ್ತುವ ವಸ್ತು ಅದು. ನಮ್ಮದು ಸರಿಯಿತ್ತು.

ಮಧ್ಯಾಹ್ನದ ಬೀಳುವಿಕೆ ನಿಂತಿತು. ನೀಲಿ ಪರದೆ ಮಾತ್ರ ನಿಲ್ಲಲಿಲ್ಲ.

ಎರಡನೇ ರೋಗ: ಮರೆವು

ಒಂದೇ ಹೆಸರಿನ ನೀಲಿ ಪರದೆ ಮತ್ತೆ ಮತ್ತೆ ಬಂದರೆ ಹೆಚ್ಚಾಗಿ ಒಂದು ಡ್ರೈವರೋ ಹೊಸದಾಗಿ ಹಾಕಿದ ಸಾಫ್ಟ್‌ವೇರೋ ಕಾರಣ. ಪ್ರತಿ ಸಲ ಬೇರೆ ಹೆಸರು ಬಂದರೆ ಮೊದಲ ಅನುಮಾನ ರ‍್ಯಾಮ್ ಮೇಲೆ, ಅಂದರೆ ಯಂತ್ರದ ತಾತ್ಕಾಲಿಕ ನೆನಪಿನ ಮೇಲೆ. ಇದನ್ನು ಪರೀಕ್ಷಿಸುವ ಸಾಧನ ವಿಂಡೋಸಿನಲ್ಲೇ ಇದೆ. ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಎಂದು ಹುಡುಕಿದರೆ ಸಿಗುತ್ತದೆ. ನಾವು ಪೆನ್‌ಡ್ರೈವಿನಿಂದ ‘ಮೆಮ್‌ಟೆಸ್ಟ್’ ಎಂಬುದನ್ನು ರಾತ್ರಿಯಿಡೀ ಓಡಿಸಿದೆವು. ಬೆಳಿಗ್ಗೆ ನೋಡಿದರೆ ಪರದೆಯ ತುಂಬ ಕೆಂಪು ಗೆರೆಗಳು!

ಒಳಗೆ 2 ಜಿಬಿಯ ಎರಡು ರ‍್ಯಾಮ್ ಪಟ್ಟಿಗಳಿದ್ದವು. ಎರಡನ್ನೂ ತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಒರೆಸಿ ಹಾಕಿದೆವು. ತಪ್ಪು ನಿಲ್ಲಲಿಲ್ಲ. ಬಳಿಕ ಒಂದೊಂದನ್ನೇ ಹಾಕಿ ಪರೀಕ್ಷಿಸಿದೆವು. ಕೆಟ್ಟದ್ದೆಂದು ಕಂಡದ್ದನ್ನು ಇನ್ನೊಂದು ಗೂಡಿಗೂ ಹಾಕಿ ನೋಡಿದೆವು. ಗೂಡೇ ಕೆಟ್ಟಿದ್ದರೆ ಪಟ್ಟಿಯನ್ನು ದೂರಿ ಫಲವಿಲ್ಲ. ಎರಡೂ ಕಡೆ ಅದೇ ಪಟ್ಟಿ ತಪ್ಪು ತೋರಿಸಿತು. ಅದೇ ಜಾತಿಯ ಬೇರೆ ಪಟ್ಟಿ ಹಾಕಿದ ಮೇಲೆ ನೀಲಿ ಪರದೆ ಮತ್ತೆ ಕಾಣಲಿಲ್ಲ. ಫಾರ್ಮ್ಯಾಟ್ ಹೊಡೆದಿದ್ದರೆ ಲೆಕ್ಕವೂ ಹೋಗುತ್ತಿತ್ತು, ರೋಗವೂ ಉಳಿಯುತ್ತಿತ್ತು.

ಹುಡುಗ ಒಂದು ನಿಯಮ ಬಿಡಲಿಲ್ಲ: ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಎರಡು ದಿನ ಕಾಯುವುದು. ಎಲ್ಲ ಔಷಧ ಒಮ್ಮೆಗೇ ಹೊಡೆದರೆ ಯಾವುದರಿಂದ ಕೀಡೆ ಸತ್ತಿತೆಂದು ರೈತನಿಗೆ ತಿಳಿಯುವುದೇ?

ಈಗ ಆ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಷ್ಟು ಹಳೇ ಯಂತ್ರವನ್ನು ಒಪ್ಪುವುದಿಲ್ಲ. ತೆರಿಗೆ, ಬ್ಯಾಂಕಿನ ಕೆಲಸ ಬೇರೆ ಯಂತ್ರದಲ್ಲಿ. ಹಳೆಯದು ಕಾಟಾದಿಂದ ದೂರ, ಒಳಕೋಣೆಯಲ್ಲಿ, ಹಳೇ ಲೆಕ್ಕ ನೋಡಲಿಕ್ಕೆ ಮಾತ್ರ. ಪ್ರತಿ ಚೀಲದ ತೂಕ ಬರೆದ ಕೂಡಲೇ ಉಳಿಸುತ್ತೇನೆ. ಪಟ್ಟಿ ಕೊಡುವ ಮೊದಲು ಹಮಾಲರ ಪುಸ್ತಕದ ಗೆರೆ ಎಣಿಸುತ್ತೇನೆ.

ಮರುವರ್ಷ ಸುಗ್ಗಿಗೆ ಆ ಮುದುಕರು ಮತ್ತೆ ನಮ್ಮಲ್ಲಿಗೇ ತೊಗರಿ ತಂದರು. ಕಟ್ಟೆಯ ಮೇಲೆ ಕೂತು ಕೇಳಿದರು:

"ಹೆಂಗದರೀ ನಿಮ್ಮ ಕಂಪ್ಯೂಟರ್? ಮರಿಯೂದು ಬಿಟ್ಟದೇನು?"

"ಬಿಟ್ಟದರೀ ಕಾಕಾ. ನೀವು ಹೇಳಿದ್ದೇ ಅದರ ರೋಗ ಆಗಿತ್ತು" ಅಂದೆ.

ಅವರು ನಕ್ಕರು. ಆದರೂ ಪಟ್ಟಿ ಕೈಗೆ ಬಂದಾಗ ಕನ್ನಡಕ ಏರಿಸಿ ಚೀಲ ಎಣಿಸಿಕೊಂಡೇ ಕಿಸೆಗೆ ಇಟ್ಟರು. ಅದೇ ಸರಿ.