ಹೆದ್ದಾರಿಯ ಮೇಲೆ ದೋಣಿ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ 10 ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆ. ಬೇಸಿಗೆಯ ಶುಕ್ರವಾರ ಸಂಜೆ ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಊರಿಗೆ ಊರೇ ದೋಣಿ ಕಟ್ಟಿಕೊಂಡು ಹೊರಟಂತೆ ಕಾಣುತ್ತದೆ. ಅಕ್ಕನ ಮಗನ ಪಿಕಪ್ ಟ್ರಕ್ಕಿನಲ್ಲಿ ಡುಲೂತ್ ಕಡೆಗೆ ಹೋಗುವಾಗ ನಾನೂ ಒಮ್ಮೆ ಆ ಸಾಲಿನಲ್ಲಿದ್ದೆ. ಹಿಂದೆ ಟ್ರೇಲರ್ ಮೇಲೆ 18 ಅಡಿಯ ಫೈಬರ್ ದೋಣಿ. ಏನೂ ಕಟ್ಟದೆ ಓಡುವಾಗ ಲೀಟರಿಗೆ 9 ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಅಂದು 5ಕ್ಕೆ ಇಳಿದಿತ್ತು.

"ಭಾರ ಅಲ್ವಾ ಮಾವ, ಒಂದೂವರೆ ಟನ್" ಎಂದ ಹುಡುಗ. ಎಲ್ಲರ ಬಾಯಲ್ಲೂ ಅದೇ ಉತ್ತರ. ಆದರೆ ಲೆಕ್ಕ ಹಾಕಿ ನೋಡಿ. ಸಮತಟ್ಟಾದ ರಸ್ತೆಯಲ್ಲಿ, ಗಾಳಿ ಸರಿಯಾಗಿ ತುಂಬಿದ ಟೈರುಗಳ ಮೇಲೆ ಒಂದೂವರೆ ಟನ್ ಉರುಳಿಸಿಕೊಂಡು ಹೋಗಲು 15ರಿಂದ 20 ಕೆಜಿ ಎತ್ತುವಷ್ಟು ಬಲ ಸಾಕು. ಹೆಚ್ಚುಕಡಿಮೆ ಒಂದು ದೊಡ್ಡ ಕೊಡ ನೀರು ಎತ್ತಿದ ಹಾಗೆ. ಅದೇ ಹೆದ್ದಾರಿಯ ವೇಗದಲ್ಲಿ ಟ್ರಕ್ಕು, ದೋಣಿ ಎರಡೂ ಸೇರಿ ಗಾಳಿಯನ್ನು ನೂಕಲು ಇದರ ಹಲವು ಪಟ್ಟು ಬಲ ಬೇಕು. ಮಿನೆಸೋಟದಂಥ ಬಯಲು ಸೀಮೆಯಲ್ಲಿ ಪೆಟ್ರೋಲನ್ನು ಹೆಚ್ಚಾಗಿ ಕುಡಿಯುವುದು ಗಾಳಿ.

ಇದಕ್ಕೆ ದೋಣಿಯ ಆಕಾರವೂ ಕಾರಣ. ಮೂತಿ ಚೂಪಾಗಿದೆ, ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ ಎಂದು ನಮಗೆ ಅನ್ನಿಸುತ್ತದೆ. ಅದರ ಹಿಂಭಾಗವನ್ನು ಒಮ್ಮೆ ನೋಡಬೇಕು: ಗರಗಸದಲ್ಲಿ ಕೊಯ್ದಂತೆ ಚಪ್ಪಟೆ. ಹಾಗೆ ಮಾಡಿದ್ದು ನೀರಿಗಾಗಿ. ವೇಗ ಹೆಚ್ಚಿದಂತೆ ಮೋಟಾರು ದೋಣಿ ಮೇಲೆದ್ದು ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ. ಆಗ ನೀರು ಹಿಂದಿನ ಆ ಚೂಪು ಅಂಚಿನಲ್ಲಿ ಥಟ್ಟನೆ ಕಳಚಿಕೊಳ್ಳಬೇಕು, ಅಂಟಿಕೊಂಡು ಹಿಂದಕ್ಕೆ ಎಳೆಯಬಾರದು. ನೀರಿನಲ್ಲಿ ವರವಾದ ಅಂಚು ರಸ್ತೆಯ ಮೇಲೆ ಶಾಪವಾಗುತ್ತದೆ. ಗಾಳಿ ಒಪ್ಪುವುದು ಮೀನಿನ ಮೈಯನ್ನು: ಮುಂದೆ ದುಂಡಗೆ, ಹಿಂದಕ್ಕೆ ಹೋದಂತೆ ಸಣ್ಣಗೆ. ಹಾಗಿದ್ದರೆ ಎರಡೂ ಕಡೆಯಿಂದ ಬಂದ ಗಾಳಿ ಬಾಲದ ಹತ್ತಿರ ಮೆಲ್ಲಗೆ ಕೂಡಿಕೊಳ್ಳುತ್ತದೆ. ದೋಣಿಯ ಹಿಂದೆ ಅದು ಕೂಡಲಾಗದೆ ಸುಳಿಸುಳಿಯಾಗಿ ಒಡೆಯುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ, ಆ ಕುಸಿತವೇ ದೋಣಿಯನ್ನು ಹಿಂದಕ್ಕೆ ಜಗ್ಗುತ್ತದೆ. ತಿರುಗಿಸಿ ಕಟ್ಟೋಣವೆಂದರೆ ಆಗದು. ಟ್ರೇಲರನ್ನು ಹಿಮ್ಮುಖವಾಗಿ ಇಳಿಜಾರಿನಲ್ಲಿ ಬಿಟ್ಟು ದೋಣಿಯ ಹಿಂಭಾಗವನ್ನೇ ಮೊದಲು ನೀರಿಗೆ ಇಳಿಸಬೇಕು.

ಮೇಲ್ಭಾಗವನ್ನು ಮಾತ್ರ ಸರಿಮಾಡಬಹುದು. ತೆರೆದ ದೋಣಿಯ ಕೂರುವ ಜಾಗ ಗಾಳಿಗೆ ಹಿಡಿದ ಬೋಗುಣಿಯಂತೆ. ಅದರ ಮೇಲೆ ಹೊದಿಕೆಯನ್ನು ತಮಟೆಯ ಚರ್ಮದಂತೆ ಬಿಗಿಯಾಗಿ ಎಳೆದು ಕಟ್ಟಿದರೆ ಗಾಳಿ ಒಳಗೆ ಬೀಳದೆ ಮೇಲಿಂದಲೇ ಜಾರಿಹೋಗುತ್ತದೆ. ಸಡಿಲವಾಗಿ ಕಟ್ಟಿ ಪಟಪಟ ಬಡಿಯಲು ಬಿಟ್ಟರೆ ಬರಿಯ ದಂಡ, ಆ ಬಡಿತದ ಶಕ್ತಿಯೂ ಪೆಟ್ರೋಲಿನಿಂದಲೇ ಬರಬೇಕು. ನೆರಳಿನ ಮೇಲ್ಕಟ್ಟು, ಅದರ ಕೊಳವೆಗಳು, ಮೀನಿನ ಗಾಳದ ಕೋಲುಗಳು ಎಲ್ಲವನ್ನೂ ಮಡಚಿ ಒಳಗಿಡಬೇಕು.

ಇಷ್ಟೆಲ್ಲ ಮಾಡಿಯೂ ವೇಗ ಬಿಡದಿದ್ದರೆ ಲಾಭ ಹೆಚ್ಚಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಮೈಲಿಯಿಂದ 70ಕ್ಕೆ, ಅಂದರೆ 97 ಕಿಲೋಮೀಟರಿನಿಂದ 113ಕ್ಕೆ ಹೋದರೆ ತಡೆ ಶೇ. 36ರಷ್ಟು ಹೆಚ್ಚು. ಮಿನಿಯಾಪೊಲಿಸ್‌ನಿಂದ ಡುಲೂತ್‌ಗೆ ಸುಮಾರು 250 ಕಿಲೋಮೀಟರ್. ನಿಧಾನಿಸಿದರೆ ತಡವಾಗುವುದು 20 ನಿಮಿಷ ಚಿಲ್ಲರೆ. ನನ್ನ ಮಟ್ಟಿಗೆ ಉಳಿತಾಯದ ಉಪಾಯಗಳಲ್ಲಿ ಇದೇ ಮೊದಲನೆಯದು, ಕಾಸು ಖರ್ಚಿಲ್ಲದ್ದು. ಕ್ಯಾಲಿಫೋರ್ನಿಯದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55 ಮೈಲಿ.

ಬೆಟ್ಟ ಬಂದಾಗ ಮಾತ್ರ ಹುಡುಗ ಹೇಳಿದ್ದು ನಿಜವಾಗುತ್ತದೆ. ಡೆನ್ವರ್ ನಗರ ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ರಾಕಿ ಪರ್ವತದ ಐಸೆನ್‌ಹೋವರ್ ಸುರಂಗ 3,400 ಮೀಟರ್ ಎತ್ತರದಲ್ಲಿ. ಈ ಒಂದು ಏರಿಗೆ ಒಂದೂವರೆ ಟನ್ ದೋಣಿಯೊಂದಕ್ಕೇ ಎರಡೂವರೆಯಿಂದ ಮೂರು ಲೀಟರ್ ಪೆಟ್ರೋಲ್ ಬೇಕು. ಇಳಿಯುವಾಗ ಬ್ರೇಕ್ ಒತ್ತಿದಷ್ಟೂ ಏರಲು ಸುರಿದ ಆ ಶಕ್ತಿ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಏರಿನಲ್ಲಿ ವೇಗ ಕೊಂಚ ಇಳಿಯಲು ಬಿಡುವ ಚಾಲಕ, ಹಟ ಹಿಡಿದು ಆಕ್ಸಿಲರೇಟರ್ ತುಳಿಯುವವನಿಗಿಂತ ಉಳಿಸುತ್ತಾನೆ.

ಆದ್ದರಿಂದ ಬೇಡದ ಭಾರ ಇಳಿಸುವುದೂ ವ್ಯರ್ಥವಲ್ಲ. ದೋಣಿಯ ತಳದಲ್ಲಿ ನಿಂತ 100 ಲೀಟರ್ ನೀರೆಂದರೆ 100 ಕೆಜಿ. ರಸ್ತೆಯಲ್ಲಿ ಸಾಗಿಸುವಾಗ ತಳದ ಬಿರಡೆ ತೆಗೆದಿರಲೇಬೇಕೆಂದು ಮಿನೆಸೋಟದಲ್ಲಿ ಕಾನೂನಿದೆ. ಅದು ಬಂದದ್ದು ಪೆಟ್ರೋಲ್ ಉಳಿಸಲೆಂದಲ್ಲ. ಹಡಗುಗಳ ಹೊಟ್ಟೆಯಲ್ಲಿ ತುಂಬಿಸಿದ್ದ ನೀರಿನ ಜೊತೆ 1980ರ ದಶಕದಲ್ಲಿ ಅಮೆರಿಕದ ಮಹಾಸರೋವರಗಳಿಗೆ ಬಂದಿಳಿದ ಝೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಜೀವಿ, ಕಣ್ಣಿಗೆ ಕಾಣದ ಮರಿಗಳ ರೂಪದಲ್ಲಿ ದೋಣಿಯ ನೀರಿನಲ್ಲೇ ಕೆರೆಯಿಂದ ಕೆರೆಗೆ ಹೋಗುತ್ತದೆ. ಕೆರೆಯನ್ನು ಕಾಯುವ ಬಿರಡೆ ಪೆಟ್ರೋಲನ್ನೂ ಕಾಯುತ್ತದೆ.

ಅರ್ಧ ದಾರಿಯಲ್ಲಿ ಹಿಂಕ್ಲಿ ಎಂಬಲ್ಲಿ ಕಾಫಿಗೆ ನಿಂತೆವು. ಹುಡುಗ ಕಾಫಿಗೆ ಮೊದಲು ಟ್ರೇಲರಿನ ಬಲಚಕ್ರದ ನಡುವಿನ ಹಬ್ಬಿಗೆ ಅಂಗೈ ಇಟ್ಟ, ಆಮೇಲೆ ಎಡಕ್ಕೆ. "ಮುಟ್ಟಿ ನೋಡಿ ಮಾವ, ಮೆಲ್ಲಗೆ." ಬಲದ್ದು ಉಗುರುಬೆಚ್ಚಗೆ, ಎಡದ್ದು ಕೈ ಇಡಲಾಗದಷ್ಟು ಬಿಸಿ. ಈ ಟ್ರೇಲರಿನ ಬ್ರೇಕಿಗೆ ಪೆಡಲ್ ಇಲ್ಲ. ಟ್ರಕ್ಕು ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ನುಗ್ಗಿ ಕೊಂಡಿಯನ್ನು ಒತ್ತುತ್ತದೆ, ಆ ಒತ್ತಡವೇ ಬ್ರೇಕ್ ಎಣ್ಣೆಯನ್ನು ನೂಕುತ್ತದೆ. ನೀರಿನಲ್ಲಿ ಮುಳುಗಿ ಮುಳುಗಿ ತುಕ್ಕು ಹಿಡಿದ ಎಡಗಡೆಯ ಬ್ರೇಕ್ ಒತ್ತಡ ಹೋದಮೇಲೂ ಪೂರ್ತಿ ಬಿಟ್ಟುಕೊಂಡಿರಲಿಲ್ಲ. ನೂರಾರು ಕಿಲೋಮೀಟರ್ ಬ್ರೇಕ್ ಹಿಡಿದೇ ಎಳೆದರೆ ಯಾವ ಹೊದಿಕೆ ಬಿಗಿದು ಏನು ಬಂತು? ಅಂಗೈಗೆ ತಗಲಿದ ಆ ಬಿಸಿಯಷ್ಟೂ ಪೆಟ್ರೋಲೇ. ಅವನು ಚಕ್ರ ಎತ್ತಿ, ಬ್ರೇಕನ್ನು ಕೊಂಚ ಸಡಿಲಿಸಿ, ಕೈಯಲ್ಲಿ ತಿರುಗಿಸಿ ನೋಡಿದ ಮೇಲೆಯೇ ಹೊರಟದ್ದು.

ಬಿಸಿ ಹಬ್ಬನ್ನು ಹಾಗೆಯೇ ತಣ್ಣೀರಿಗೆ ಇಳಿಸಿದರೆ ಇನ್ನೊಂದು ಕಷ್ಟ. ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಗ್ರೀಸು ಹಾಲಿನಂತೆ ಬೆಳ್ಳಗಾಗಿ ಸತ್ವ ಕಳೆದುಕೊಳ್ಳುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಕೀಲೆಣ್ಣೆ ಇಲ್ಲದ ಎತ್ತಿನ ಬಂಡಿ ಕಿರುಗುಟ್ಟಿ ಊರಿಗೆಲ್ಲ ತಿಳಿಸುತ್ತದೆ. ಟ್ರೇಲರಿನ ಚಕ್ರ ಹೆದ್ದಾರಿಯ ಸದ್ದಿನಲ್ಲಿ ಕೇಳಿಸದಂತೆ ಸವೆಯುತ್ತದೆ.

ಕೆರೆ ತಲುಪಿದಾಗ ಇನ್ನೂ ಬೆಳಕಿತ್ತು. ಹುಡುಗ ದೋಣಿಯನ್ನು ನೀರಿಗೆ ಬಿಡಲಿಲ್ಲ. ಹೊದಿಕೆ ಬಿಚ್ಚಿ ಮಡಚಿದ, ಬಿರಡೆ ಹಾಕಿದ, ಕಟ್ಟು ಸಡಿಲಿಸಿದ. ಕಾಲು ಗಂಟೆ ಕಳೆದು ಎಡ ಹಬ್ಬಿನ ಮೇಲೆ ಮತ್ತೆ ಅಂಗೈ ಇಟ್ಟ, ತಲೆಯಾಡಿಸಿದ, ಟ್ರಕ್ಕನ್ನು ಹಿಂದಕ್ಕೆ ತೆಗೆದ.