ಮಾಂಸ ಎಷ್ಟು ತಿನ್ನಬೇಕು? ಹೇಗೆ ಸಾಕಿದ್ದನ್ನು ತಿನ್ನಬೇಕು?

ಬೇಸಾಯಶಾಸ್ತ್ರದವನಿಗೆ ಮಾಂಸದ ವಿಚಾರವೇಕೆ ಎಂದು ರೈತ ಬಾಂಧವರು ಕೇಳಬಹುದು. ಪಶುಸಂಗೋಪನೆ ನನ್ನ ವಿಷಯವಲ್ಲ, ನಿಜ. ಆದರೆ ಕಳೆದ ಹದಿನೆಂಟು ವರ್ಷಗಳಿಂದ ನಾನು ರೈತರಿಗೆ ಹೇಳಿಕೊಡುತ್ತ ಬಂದಿರುವುದು ಮುಸುಕಿನ ಜೋಳದ ಬೇಸಾಯ. ದಾವಣಗೆರೆಯಲ್ಲಿ ಇದೇ ಮೆಕ್ಕೆಜೋಳ, ಹಾವೇರಿಯಲ್ಲಿ ಗೋವಿನಜೋಳ. ಈ ಕಾಳಿನ ದೊಡ್ಡ ಪಾಲು ಹೋಗುವುದು ಕೋಳಿ ಆಹಾರಕ್ಕೆ. ಎಕರೆಗೆ ಎರಡು ಕ್ವಿಂಟಾಲ್ ಹೆಚ್ಚು ಬೆಳೆಯಿರಿ ಎಂದು ಹೇಳುವವನು ಆ ಎರಡು ಕ್ವಿಂಟಾಲ್ ಎಲ್ಲಿಗೆ ಹೋಗುತ್ತದೆಂದು ಒಮ್ಮೆಯಾದರೂ ನೋಡಬೇಕಲ್ಲವೇ?

ನಾನು ನೋಡಿದ್ದು ಆಕಸ್ಮಿಕವಾಗಿ. ಕೆಲವು ವರ್ಷಗಳ ಹಿಂದೆ ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕ್ಷೇತ್ರೋತ್ಸವ ಮುಗಿಯುವುದು ತಡವಾಗಿ, ರೈತರೊಬ್ಬರ ಮನೆಯಲ್ಲೇ ರಾತ್ರಿ ಉಳಿಯಬೇಕಾಯಿತು. ಅವರ ಮಗ ಗುತ್ತಿಗೆ ಪದ್ಧತಿಯಲ್ಲಿ ಐದು ಸಾವಿರ ಬ್ರಾಯ್ಲರ್ ಕೋಳಿ ಸಾಕುತ್ತಿದ್ದ. ಮರಿ, ಆಹಾರ, ಔಷಧ ಕಂಪನಿಯದು. ಶೆಡ್ಡು, ನೀರು, ಕರೆಂಟು, ದುಡಿಮೆ ಇವರದು. ಕಿಲೋಗೆ ಇಷ್ಟೆಂದು ಸಾಕಣೆ ಕೂಲಿ. ಅಂದು ರಾತ್ರಿ ಕೋಳಿ ತುಂಬಲು ಲಾರಿ ಬಂತು. ಹಿಡಿಯುವ ಹುಡುಗರು ಒಂದೊಂದು ಕೈಯಲ್ಲಿ ನಾಲ್ಕೈದು ಕೋಳಿಗಳನ್ನು ಕಾಲು ಹಿಡಿದು ತಲೆಕೆಳಗಾಗಿ ತೂಗಿಸುತ್ತ ತಂದು ಪ್ಲಾಸ್ಟಿಕ್ ಕ್ರೇಟುಗಳಿಗೆ ತುರುಕುತ್ತಿದ್ದರು. ಮೂಲೆಯಲ್ಲಿ ಕೆಲವು ಕೋಳಿಗಳು ಏಳಲಾರದೆ ಹೊಟ್ಟಿನ ಮೇಲೆ ಕುಳಿತೇ ಇದ್ದವು. ಮೈ ಬೆಳೆದಷ್ಟು ಬೇಗ ಅವುಗಳ ಕಾಲು ಬಲಿತಿರಲಿಲ್ಲ.

ಮರುದಿನ ಮಧ್ಯಾಹ್ನ ನನಗೆ ಜೋಳದ ರೊಟ್ಟಿ, ಕೋಳಿ ಸಾರು ಬಡಿಸಿದರು. ಶೆಡ್ಡಿನದೇ ಇರಬೇಕೆಂದು ನಾನು ಅಂದಾಗ ಮನೆಯ ಯಜಮಾನಿ ನಕ್ಕರು. "ಇದು ಹಿತ್ತಲದ ಜವಾರಿ ಕೋಳಿರೀ ಸಾಹೇಬ್ರ. ಶೆಡ್ಡಿಂದು ನಾವು ತಿನ್ನಂಗಿಲ್ಲ. ಅವು ಪ್ಯಾಟಿ ಮಂದಿಗೆ."

ನಾನು ಸುಮ್ಮನಾದೆ. ಆ ಪೇಟೆ ಮಂದಿಯಲ್ಲಿ ನಾನೂ ಒಬ್ಬ.

ಗುಡ್ಡೆ ಮಾಂಸದ ಕಾಲ

ನಾನು ಹುಟ್ಟಿದ್ದು ಮಂಡ್ಯ ಜಿಲ್ಲೆಯಲ್ಲಿ. ನಮ್ಮ ಕಡೆ ಯುಗಾದಿಯ ಮರುದಿನ ಹೊಸತೊಡಕು. ಹತ್ತಾರು ಮನೆಯವರು ಹಣ ಕೂಡಿಸಿ ಕುರಿ ತಂದು, ಕೊಯ್ದು, ಮಾಂಸವನ್ನು ಮುತ್ತುಗದ ಎಲೆಯ ಮೇಲೆ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಿದ್ದರು. ಅದು ಬಿಟ್ಟರೆ ಮಾರಿಹಬ್ಬ, ಪಿತೃಪಕ್ಷ, ನೆಂಟರು ಬಂದ ದಿನ ಒಂದು ಕೋಳಿ. ಉಳಿದ ದಿನಗಳಲ್ಲಿ ಮುದ್ದೆಗೆ ಹುರುಳಿ, ಅವರೆ, ಸೊಪ್ಪು. ಇದು ಅಹಿಂಸೆಯ ವ್ರತವೇನೂ ಆಗಿರಲಿಲ್ಲ, ಬಡತನದ ಲೆಕ್ಕವೇ ಹೆಚ್ಚು. ಆದರೂ ಎರಡು ಸಂಗತಿ ಗಮನಿಸಬೇಕು. ತಿನ್ನುವ ಪ್ರಾಣಿಯನ್ನು ಎಲ್ಲರೂ ಕಣ್ಣಾರೆ ಕಂಡಿರುತ್ತಿದ್ದರು. ಮತ್ತು ಆ ಕುರಿ ಕೊಯ್ಲಾದ ಹೊಲದ ಕೂಳೆ, ಬದುವಿನ ಹುಲ್ಲು, ಅಂದರೆ ಮನುಷ್ಯ ತಿನ್ನಲಾಗದ್ದನ್ನು ತಿಂದು ಬೆಳೆದಿತ್ತು. ರಾತ್ರಿ ಹೊಲದಲ್ಲಿ ಮಂದೆ ಹಾಕಿಸಿದರೆ ಗೊಬ್ಬರವೂ ಅಲ್ಲೇ ಬೀಳುತ್ತಿತ್ತು.

ಬ್ರಾಯ್ಲರ್ ಕೋಳಿಯ ಲೆಕ್ಕ ಬೇರೆ. ಸುಮಾರು 35ರಿಂದ 42 ದಿನಗಳಲ್ಲಿ ಅದು 2 ಕಿಲೋ ತೂಗುತ್ತದೆ. ಅಷ್ಟರಲ್ಲಿ ತಿನ್ನುವ ಆಹಾರ ಸುಮಾರು ಮೂರೂವರೆ ಕಿಲೋ. ಇದರಲ್ಲಿ ಹೆಚ್ಚಿನ ಪಾಲು ಮುಸುಕಿನ ಜೋಳ, ಉಳಿದದ್ದು ಬಹುತೇಕ ಸೋಯಾ ಹಿಂಡಿ. ತಿಂದ ಸಸಾರಜನಕದಲ್ಲಿ ಮೂರನೆಯ ಒಂದು ಪಾಲಿನಷ್ಟು ಮಾತ್ರ ಮಾಂಸವಾಗಿ ತಟ್ಟೆಗೆ ಮರಳುತ್ತದೆ. ಧಾನ್ಯವನ್ನು ಮಾಂಸವಾಗಿಸುವ ಕೆಲಸದಲ್ಲಿ ಕೋಳಿ ಬೇರೆ ಪ್ರಾಣಿಗಳಿಗಿಂತ ಮುಂದಿದೆ ಎಂಬುದನ್ನೂ ಹೇಳಬೇಕು. ಮಾಂಸ ಬಡವರ ಕೈಗೆಟುಕಿದ್ದು ಈ ಕೋಳಿಯಿಂದಲೇ. ಇದನ್ನು ಮರೆತು ಬರಿಯ ದೂರು ಹೇಳುವುದು ಸರಿಯಲ್ಲ.

ಆದರೆ ಅಗ್ಗದ ಬೆಲೆಯ ಒಂದು ಭಾಗವನ್ನು ಕೋಳಿಯೇ ತೆರುತ್ತಿದೆ. ಒಂದಕ್ಕೆ ಒಂದು ಚದರಡಿ ಜಾಗ, ದಿನದ ಬಹುಪಾಲು ದೀಪದ ಬೆಳಕು. ಮೊಟ್ಟೆ ಕೋಳಿಯ ಸ್ಥಿತಿ ಇನ್ನೂ ಕಷ್ಟದ್ದು. 15 ಅಂಗುಲ ಅಗಲ, 12 ಅಂಗುಲ ಆಳದ ತಂತಿ ಗೂಡಿನಲ್ಲಿ ಮೂರು ಕೋಳಿ ಇಡುವ ರೂಢಿ ನಮ್ಮಲ್ಲಿ ಬಹಳ ಕಾಲದಿಂದ ಬಂದಿದೆ. ಅಂದರೆ ಒಂದು ಕೋಳಿಗೆ 60 ಚದರ ಅಂಗುಲ. ಮಕ್ಕಳ ನೋಟುಬುಕ್ಕಿನ ಪುಟ ಅಳೆದು ನೋಡಿ. ರೆಕ್ಕೆ ಬಿಚ್ಚುವಂತಿಲ್ಲ, ನೆಲ ಕೆದಕುವಂತಿಲ್ಲ, ಮಣ್ಣಿನಲ್ಲಿ ಹೊರಳುವಂತಿಲ್ಲ. ಯುರೋಪಿನ ಒಕ್ಕೂಟದ ದೇಶಗಳಲ್ಲಿ ಇಂಥ ಬರಿಯ ತಂತಿ ಗೂಡುಗಳನ್ನು 2012ರಿಂದ ನಿಷೇಧಿಸಲಾಗಿದೆ. ಇಕ್ಕಟ್ಟಿನಲ್ಲಿ ರೋಗ ಬೇಗ ಹರಡುವುದರಿಂದ ಔಷಧದ ಬಳಕೆಯೂ ಹೆಚ್ಚು. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಎಂಬ ಜೀವಿನಿರೋಧಕವನ್ನು ಕೋಳಿ ಮುಂತಾದ ಆಹಾರ ಪ್ರಾಣಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಬೇಕಾಯಿತು.

ಹಾಲು ಮಾತ್ರ ಕುಡಿಯುವವರು ಈ ಪ್ರಶ್ನೆಯಿಂದ ಹೊರಗಿದ್ದೇವೆಂದು ತಿಳಿಯಬಾರದು. ಮಿಶ್ರತಳಿ ಹಸುವಿನ ಗಂಡು ಕರು ಕೊಟ್ಟಿಗೆಯಲ್ಲಿ ಎಷ್ಟು ದಿನ ಉಳಿಯುತ್ತದೆಂಬುದು ಹಾಲು ಕರೆಯುವವರಿಗೆ ಗೊತ್ತು.

ಯಾರು ಕಡಿಮೆ ಮಾಡಬೇಕು?

ಮಾಂಸವೇ ಅಪರೂಪವಾದ ಮನೆಯವರಿಗೆ ಈ ಮಾತು ಅನ್ವಯಿಸದು. ಬಾಣಂತಿಯ ತಟ್ಟೆಯ ಮೊಟ್ಟೆ, ಶಾಲೆಯ ಬಿಸಿಯೂಟದ ಮೊಟ್ಟೆ ಕಡಿಮೆಯಾಗಬಾರದು. ನಾನು ಹೇಳುತ್ತಿರುವುದು ವಾರಕ್ಕೆ ನಾಲ್ಕು ದಿನ ಕೋಳಿ ತಿನ್ನುವ ನನ್ನಂಥವರನ್ನು ಕುರಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 60 ಕಿಲೋ ತೂಕದ ವಯಸ್ಕನಿಗೆ ದಿನಕ್ಕೆ ಸುಮಾರು 50 ಗ್ರಾಂ ಸಸಾರಜನಕ ಸಾಕು. ತೊಗರಿ, ಹುರುಳಿ, ಕಡಲೆ, ಹಾಲು ಮತ್ತು ರಾಗಿ ಸೇರಿದರೆ ಇದರ ಬಹುಭಾಗ ಬಂದೇಬರುತ್ತದೆ. ದ್ವಿದಳ ಧಾನ್ಯ ಬೆಳೆದರೆ ಭೂಮಿಗೂ ಸಾರಜನಕ ಸೇರುತ್ತದೆ. ಇಷ್ಟು ಹೇಳುವ ಹಕ್ಕು ಬೇಸಾಯಶಾಸ್ತ್ರದವನಿಗೂ ಇದೆ.

ಹಿತ್ತಲ ಕೋಳಿಯ ಬೆಲೆ ಬ್ರಾಯ್ಲರಿನ ದುಪ್ಪಟ್ಟು, ಕೆಲವೆಡೆ ಇನ್ನೂ ಹೆಚ್ಚು. ಇಷ್ಟು ಬೆಲೆ ಯಾರು ಕೊಡುತ್ತಾರೆ ಎಂಬುದು ಸಹಜ ಪ್ರಶ್ನೆ. ತಿಂಗಳಿಗೆ ನಾಲ್ಕು ಸಲ ತರುವವರು ಎರಡೇ ಸಲ ತಂದರೆ ದುಪ್ಪಟ್ಟು ಬೆಲೆಯಲ್ಲೂ ಖರ್ಚು ಅಷ್ಟೇ. ಹಣ ಮಾತ್ರ ಸಣ್ಣ ಹಿಡುವಳಿಯ ಮನೆಗೆ, ಬಹಳ ಕಡೆ ಹೆಣ್ಣುಮಕ್ಕಳ ಕೈಗೇ ಸೇರುತ್ತದೆ. ಕೊಳ್ಳುವಾಗ ಎಚ್ಚರಿಕೆ ಬೇಕು. ನಾಟಿಯೆಂಬ ಹೆಸರಿನಲ್ಲಿ ಶೆಡ್ಡಿನ ಬಣ್ಣದ ಕೋಳಿ, ಮೊಟ್ಟೆ ಮುಗಿದ ಗೂಡಿನ ಕೋಳಿ ಎರಡೂ ಪೇಟೆಗೆ ಬರುತ್ತವೆ. ಕಾಲು ನೋಡಿ. ನೆಲ ಕೆದಕಿದ ಕೋಳಿಯ ಉಗುರು ಸವೆದಿರುತ್ತದೆ, ಗೂಡಿನದರ ಉಗುರು ಉದ್ದ ಬೆಳೆದಿರುತ್ತದೆ.

ಮಾರುವವರಿಗೂ ಒಂದು ಮಾತು. ಕಾಲು ಕಟ್ಟಿ ಸೈಕಲ್ಲು, ಮೋಟಾರು ಸೈಕಲ್ಲಿನ ಹ್ಯಾಂಡಲಿಗೆ ತೂಗುಹಾಕಿ ಸಂತೆಗೆ ಒಯ್ಯುವುದು ನಮಗೆ ರೂಢಿಯಾಗಿಬಿಟ್ಟಿದೆ. ನೋವಾಗುವಂತೆ ಪ್ರಾಣಿಗಳನ್ನು ಸಾಗಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಬಿದಿರಿನ ಬುಟ್ಟಿಯಲ್ಲಿ ಕೂರಿಸಿ, ನೆರಳಿನಲ್ಲಿಟ್ಟು, ನೀರು ಕೊಡಿ. ಕುರಿ ಆಡುಗಳು ಬೆದರಿ ಬಳಲಿದ್ದರೆ ಮಾಂಸ ಕಪ್ಪಾಗುತ್ತದೆ, ಬೇಗ ಕೆಡುತ್ತದೆ. ದೂರದಿಂದ ತಂದ ಪ್ರಾಣಿಗೆ ವಿಶ್ರಾಂತಿ ಕೊಟ್ಟೇ ಕೊಯ್ಯಬೇಕು, ಇನ್ನೊಂದು ಪ್ರಾಣಿಯ ಕಣ್ಣೆದುರಿಗೆ ಕೊಯ್ಯಬಾರದು.

ಹಿತ್ತಲಲ್ಲಿ ಸಾಕಲು ನಾಟಿಯ ಜೊತೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿಯೂ ಹೊಂದುತ್ತದೆ. ಮನೆಯ ಮುಸುರೆ, ಹುಳು ಹುಪ್ಪಟೆ, ಒಕ್ಕಣೆಯ ಉದುರು ಕಾಳು ತಿಂದು ಬೆಳೆಯುತ್ತದೆ. ಆದರೆ ಮೈಭಾರದ ಹಕ್ಕಿ, ನಾಟಿಯಷ್ಟು ಚುರುಕಲ್ಲ. ನಾಯಿ, ಮುಂಗುಸಿಗಳಿಂದ ಕಾಯಲು ರಾತ್ರಿ ಭದ್ರವಾದ ಗೂಡು ಬೇಕೇ ಬೇಕು. ಕಾವಿಗೂ ಕೂರುವುದಿಲ್ಲ, ಮರಿಗಳನ್ನು ಕೊಂಡೇ ತರಬೇಕು. ಕೊಕ್ಕರೆ ರೋಗಕ್ಕೆ ಮರಿಯ ಮೊದಲ ವಾರದಲ್ಲೇ ಲಸಿಕೆ ಹಾಕಿಸಿ, ಎಂಟನೆಯ ವಾರದಲ್ಲಿ ಮತ್ತೊಮ್ಮೆ ಹಾಕಿಸಬೇಕು.

ರಾಣೆಬೆನ್ನೂರಿನ ಆ ಮನೆಗೆ ಮೊನ್ನೆ ಬಿತ್ತನೆಯ ಕಾಲದಲ್ಲಿ ಹೋಗಿದ್ದೆ. ಶೆಡ್ಡಿನ ಬ್ಯಾಂಕ್ ಸಾಲ ತೀರಿಲ್ಲವಾದ್ದರಿಂದ ಬ್ರಾಯ್ಲರ್ ನಡೆದೇ ಇದೆ. ಸೆಖೆಗೆ ಕೋಳಿ ಸಾಯುತ್ತವೆಂದು ಬೇಸಿಗೆ ಬ್ಯಾಚಿನಲ್ಲಿ ಮಗ ಸಾವಿರ ಮರಿ ಕಡಿಮೆ ಇಳಿಸಿಕೊಂಡಿದ್ದನಂತೆ, ಸತ್ತದ್ದೂ ಕಡಿಮೆಯಂತೆ. ಹಿತ್ತಲಲ್ಲಿ ತಾಯಿಯ ಜವಾರಿ ಕೋಳಿಗಳು ನಲವತ್ತಾಗಿವೆ. ಹಬ್ಬದ ಮುಂಚೆ ಪೇಟೆಯವರು ಮನೆ ಬಾಗಿಲಿಗೇ ಬಂದು ಕೊಂಡೊಯ್ಯುತ್ತಾರೆ. ನಾನೂ ಒಂದಕ್ಕೆ ಮುಂಗಡ ಕೊಟ್ಟು ಬಂದೆ.