ಡ್ರೆಸ್ಡೆನ್: ಎರಡು ಬಣ್ಣದ ಕಲ್ಲುಗಳ ನಗರ

ಜರ್ಮನಿಯ ಪೂರ್ವಭಾಗದಲ್ಲಿ, ಎಲ್ಬೆ ನದಿಯ ಇಕ್ಕೆಲಗಳಲ್ಲಿಯೂ ಹಬ್ಬಿಕೊಂಡಿರುವ ಡ್ರೆಸ್ಡೆನ್ ನಗರದ ನಡುಮಧ್ಯದಲ್ಲಿ ಒಂದು ದೊಡ್ಡ ಇಗರ್ಜಿಯುಂಟು. ಅದರ ಹೆಸರು ಫ್ರೌವೆನ್‌ಕಿರ್ಖೆ. ಕನ್ನಡದಲ್ಲಿ ಹೇಳುವುದಾದರೆ ಮೇರಿಮಾತೆಯ ಮಂದಿರ. ಮೊದಲ ಸಲ ಅದನ್ನು ಕಾಣುವ ಪ್ರವಾಸಿಗೆ ಅದರ ಗೋಡೆ ತುಸು ವಿಚಿತ್ರವಾಗಿ ತೋರುತ್ತದೆ. ಜೇನುಬಣ್ಣದ ನಯವಾದ ಕಲ್ಲುಗಳ ನಡುನಡುವೆ, ಒಂದು ಕ್ರಮವಿಲ್ಲದೆ, ಇದ್ದಿಲಿನಂತೆ ಕಪ್ಪಾದ ಕಲ್ಲುಗಳು ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಒಂದು ಮಗ್ಗುಲಲ್ಲಿಯಂತೂ ಗೋಡೆಗೆ ಗೋಡೆಯೇ ಕಪ್ಪು. ಕೆಲಸ ಅರ್ಧಕ್ಕೇ ನಿಂತಿತೇ, ಬಣ್ಣ ಬಳಿಯಲು ಮರೆತರೇ ಎಂಬ ಸಂದೇಹ ಬಂದರೂ ಆಶ್ಚರ್ಯವಿಲ್ಲ. ಆದರೆ ಆ ಎರಡು ಬಣ್ಣಗಳ ಅರ್ಥವನ್ನು ತಿಳಿದುಕೊಂಡವನು ಡ್ರೆಸ್ಡೆನ್ ನಗರವನ್ನು ಅರ್ಧ ತಿಳಿದುಕೊಂಡಂತೆಯೇ ಸರಿ.

ಬರ್ಲಿನ್ನಿನಿಂದ ಇಲ್ಲಿಗೆ ರೈಲಿನಲ್ಲಿ ಸುಮಾರು ಎರಡು ಗಂಟೆಗಳ ಪ್ರಯಾಣ. ಐದೂವರೆ ಲಕ್ಷಕ್ಕೂ ಮಿಕ್ಕಿದ ಜನವಸತಿಯುಳ್ಳ ಊರು. ಎರಡು ದಿನಗಳ ಬಿಡುವಿದ್ದವರು ಕಾಲ್ನಡಿಗೆಯಲ್ಲಿಯೇ ಮುಖ್ಯವಾದುದೆಲ್ಲವನ್ನೂ ನೋಡಬಹುದು. ದಣಿದರೆ ಹಳದಿ ಬಣ್ಣದ ಟ್ರಾಮುಗಳಿವೆ. ಇಳಿದೊಡನೆಯೇ ಹೊಸದೂ ಹಳೆಯದೂ ಒಟ್ಟಿಗೆ ಎದುರಾಗುತ್ತವೆ. ರೈಲು ನಿಲ್ದಾಣದ ಕಮಾನುಗಳು ಹಿಂದಿನ ಶತಮಾನಗಳ ಉಕ್ಕಿನವು; ಅವುಗಳ ಮೇಲೆ ಹಾಸಿರುವುದು ಬೆಳಕನ್ನು ಒಳಬಿಡುವ ಬಿಳಿಯ ಹೊದಿಕೆ. ಬ್ರಿಟನ್ನಿನ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಯೋಜನೆಯಂತೆ 2006ರಲ್ಲಿ ಅದು ಪೂರ್ಣಗೊಂಡಿತು.

ಕಲ್ಲಿನ ಘಂಟೆ

ಸ್ಯಾಕ್ಸನಿಯ ಅರಸರ ರಾಜಧಾನಿಯಾಗಿದ್ದ ಡ್ರೆಸ್ಡೆನ್ನಿಗೆ ಇಂದಿನ ಕೀರ್ತಿಯನ್ನು ತಂದವನು, ಬಾಹುಬಲಕ್ಕೆ ಹೆಸರಾಗಿದ್ದ ಅಗಸ್ಟಸ್ ದೊರೆ. ಪೋಲೆಂಡಿನ ಸಿಂಹಾಸನವನ್ನೂ ಏರಿದ್ದ ಈ ವಿಲಾಸಪ್ರಿಯ ಅರಸನ ಕಾಲದಲ್ಲಿಯೇ ತ್ಸ್ವಿಂಗರ್ ಎಂಬ ಸೊಗಸಾದ ವಿಹಾರ ಮಂದಿರ ಎದ್ದಿತು; ಆತನ ಕಾಲದಲ್ಲಿಯೇ, 1726ರಲ್ಲಿ, ಫ್ರೌವೆನ್‌ಕಿರ್ಖೆಯ ಕೆಲಸವೂ ಮೊದಲಾಯಿತು. ಅದನ್ನು ಕಟ್ಟಿದವನು ಗೇಯಾರ್ಗ್ ಬೇರ್ ಎಂಬ ಬಡಗಿ. ಇಡೀ ಗುಮ್ಮಟವನ್ನು ಕಲ್ಲಿನಿಂದಲೇ ಕಟ್ಟುವೆನೆಂದು ಹಟ ಹಿಡಿದ ಆತ ಕೆಲಸ ಮುಗಿಯುವ ಮುನ್ನವೇ, 1738ರಲ್ಲಿ, ತೀರಿಕೊಂಡ. 1743ರಲ್ಲಿ ಇಗರ್ಜಿ ಪೂರ್ಣವಾಯಿತು. ಜನ ಅದನ್ನು 'ಕಲ್ಲಿನ ಘಂಟೆ' ಎಂದು ಕರೆದರು. ಸಂಗೀತಗಾರ ಬಾಖ್ 1736ರಲ್ಲಿ ಇಲ್ಲಿಯ ಹೊಸ ಆರ್ಗನ್ ವಾದ್ಯವನ್ನು ನುಡಿಸಿದ್ದ. 1760ರಲ್ಲಿ ಪ್ರಷ್ಯದ ಸೇನೆ ಊರಿಗೆ ಮುತ್ತಿಗೆ ಹಾಕಿ ಫಿರಂಗಿ ಹೊಡೆದಾಗ, ಗುಂಡುಗಳು ಈ ಗುಮ್ಮಟಕ್ಕೆ ತಗುಲಿ ಪುಟಿದುಹೋದುವೆಂದು ಪ್ರತೀತಿ.

ಫಿರಂಗಿಯನ್ನು ತಡೆದುಕೊಂಡ ಕಲ್ಲು ಬೆಂಕಿಯನ್ನು ತಡೆದುಕೊಳ್ಳಲಿಲ್ಲ. 1945ರ ಫೆಬ್ರುವರಿ 13ರ ರಾತ್ರಿ ಬ್ರಿಟನ್ನಿನ ವಿಮಾನಗಳು ಎರಡು ಸಲ ಬಂದು ನಗರದ ಮೇಲೆ ಬಾಂಬುಗಳನ್ನು ಸುರಿದವು. ಮರುದಿನ ಅಮೆರಿಕದ ವಿಮಾನಗಳು ಬಂದವು. ಹಳೆಯ ಊರೆಲ್ಲ ಒಂದೇ ಜ್ವಾಲೆಯಾಯಿತು. ಸುಮಾರು 25,000 ಮಂದಿ ಪ್ರಾಣ ಕಳೆದುಕೊಂಡರು. ಇಗರ್ಜಿಯ ಗುಮ್ಮಟ ಎರಡು ರಾತ್ರಿಗಳ ಕಾಲ ನಿಂತೇ ಇತ್ತು. ಅದು ಉಳಿಯಿತೆಂದು ಜನ ಎಣಿಸುತ್ತಿರುವಾಗಲೇ, 15ರ ಬೆಳಗ್ಗೆ, ಕಾದು ಬಿರಿದ ಕಂಬಗಳು ಭಾರವನ್ನು ಹೊರಲಾರದೆ ಕುಸಿದವು. ಮಂದಿರವೆಲ್ಲ ಒಂದು ಕಲ್ಲುಗುಡ್ಡೆಯಾಯಿತು.

ಆ ಗುಡ್ಡೆ ನಾಲ್ವತ್ತೈದು ವರ್ಷಕ್ಕೂ ಮೀರಿ ಹಾಗೆಯೇ ಬಿದ್ದಿತ್ತು. ಪೂರ್ವ ಜರ್ಮನಿಯ ಸಮತಾವಾದೀ ಸರಕಾರ ಅದನ್ನು ಯುದ್ಧದ ಸ್ಮಾರಕವೆಂದು ಉಳಿಸಿಕೊಂಡಿತು. ಕಲ್ಲುಗಳ ನಡುವೆ ಹುಲ್ಲು, ಗಿಡ ಬೆಳೆದವು. 1982ರಿಂದ ಮೊದಲುಗೊಂಡು ಫೆಬ್ರುವರಿ 13ರಂದು ತರುಣರು ಅಲ್ಲಿಗೆ ಮೋಂಬತ್ತಿ ಹಿಡಿದು ಬಂದು, ಸರಕಾರದ ಕಣ್ಣೆದುರಿನಲ್ಲಿಯೇ ಶಾಂತಿಗಾಗಿ ಮೌನವಾಗಿ ನಿಲ್ಲತೊಡಗಿದರು.

ಕಲ್ಲಿಗೆ ಕಲ್ಲು ಹುಡುಕಿದವರು

ಬರ್ಲಿನ್ ಗೋಡೆ ಬಿದ್ದ ಮೇಲೆ, 1990ರಲ್ಲಿ, ಊರಿನ ಕೆಲವರು ಈ ಮಂದಿರವನ್ನು ಮತ್ತೆ ಕಟ್ಟೋಣವೆಂದು ಲೋಕಕ್ಕೆ ಕರೆಕೊಟ್ಟರು. ಎಲ್ಲರೂ ಒಪ್ಪಿದರೆಂದಲ್ಲ. 'ಗುಡ್ಡೆಯೇ ನಿಜವಾದ ಸ್ಮಾರಕ. ಅದನ್ನು ಅಳಿಸಿದರೆ ಮುಂದಿನವರು ಯುದ್ಧವನ್ನೇ ಮರೆಯುತ್ತಾರೆ' ಎಂಬುದು ಒಂದು ಪಕ್ಷದ ವಾದ. 'ಗಾಯವನ್ನು ಎಷ್ಟು ಕಾಲ ಬಿಚ್ಚಿಟ್ಟುಕೊಂಡಿರಬೇಕು?' ಎಂಬುದು ಇನ್ನೊಂದು ಪಕ್ಷದ ಪ್ರಶ್ನೆ. ಎರಡರಲ್ಲಿಯೂ ಸತ್ಯವಿತ್ತು.

ಕೊನೆಗೆ ದೊರೆತ ಉತ್ತರವೇ ಆ ಎರಡು ಬಣ್ಣದ ಗೋಡೆ. ಗುಡ್ಡೆಯನ್ನು ಬಾಚಿ ಎಸೆಯದೆ, ಕಲ್ಲು ಕಲ್ಲನ್ನೂ ಎತ್ತಿ, ಅಳೆದು, ಚಿತ್ರ ತೆಗೆದು, ಸಂಖ್ಯೆ ಕೊಟ್ಟು, ಚೌಕದಲ್ಲಿ ಹಾಕಿದ ಅಟ್ಟಣಿಗೆಗಳ ಮೇಲೆ ಜೋಡಿಸಿದರು. ಯಾವ ಕಲ್ಲು ಯಾವ ಕಡೆ ಬಿದ್ದಿತ್ತೆಂಬುದರ ಮೇಲೆ ಅದು ಮೊದಲು ಎಲ್ಲಿ ಇದ್ದಿರಬಹುದೆಂದು ಗಣಕಯಂತ್ರಗಳ ನೆರವಿನಿಂದ ಲೆಕ್ಕ ಹಾಕಿದರು. ಹೀಗೆ ಹೊರಗೋಡೆಯ ಮೂರೂವರೆ ಸಾವಿರಕ್ಕೂ ಮಿಗಿಲಾದ ಹಳೆಯ ಕಲ್ಲುಗಳು ಹೊಸ ಗೋಡೆಯಲ್ಲಿ ಸೇರಿಕೊಂಡವು. ಉಳಿದೆಡೆಗಳಿಗೆ ಎಲ್ಬೆ ಕಣಿವೆಯ ಹೊಸ ಮರಳುಗಲ್ಲನ್ನು ತಂದರು. 1994ರಲ್ಲಿ ಮೊದಲಾದ ಕೆಲಸ 2005ರ ಅಕ್ಟೋಬರ್ 30ರಂದು ಮುಗಿಯಿತು. ವೆಚ್ಚವಾದ ಸುಮಾರು 18 ಕೋಟಿ ಯೂರೋಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದು ಜನರ ಕಾಣಿಕೆ. ಬಾಲ್ಯದಲ್ಲಿ ಈ ನಗರವನ್ನು ಅದರ ನಾಶಕ್ಕೆ ಮುನ್ನ ಕಂಡಿದ್ದ ವಿಜ್ಞಾನಿ ಗುಂಟರ್ ಬ್ಲೋಬೆಲ್, 1999ರಲ್ಲಿ ತಮಗೆ ಬಂದ ನೊಬೆಲ್ ಪಾರಿತೋಷಕದ ಹಣವನ್ನು ಡ್ರೆಸ್ಡೆನ್ನಿನ ಪುನರ್ನಿರ್ಮಾಣಕ್ಕಾಗಿ ಕೊಟ್ಟುಬಿಟ್ಟರು.

ಗುಮ್ಮಟದ ತುದಿಯಲ್ಲಿ ಹೊಳೆಯುವ ಶಿಲುಬೆಯ ಕಥೆ ಎಲ್ಲಕ್ಕಿಂತ ಮನಮುಟ್ಟುವಂಥದು. ಅದು ಬ್ರಿಟಿಷ್ ಜನತೆಯ ಕಾಣಿಕೆ. ಅದನ್ನು ರೂಪಿಸಿದವರಲ್ಲಿ ಪ್ರಮುಖನಾದ ಅಲನ್ ಸ್ಮಿತ್ ಎಂಬ ಅಕ್ಕಸಾಲಿಗನ ತಂದೆ ಆ ಫೆಬ್ರುವರಿಯ ರಾತ್ರಿ ಡ್ರೆಸ್ಡೆನ್ನಿನ ಮೇಲೆ ಹಾರಿದ ವಿಮಾನಗಳೊಂದರ ಚಾಲಕ. ತಂದೆ ಆಕಾಶದಿಂದ ನೋಡಿದ ಊರಿಗೆ ಮಗ ಶಿಲುಬೆಯನ್ನು ಬಡಿದು ಕೊಟ್ಟ. ಕಲ್ಲುಗುಡ್ಡೆಯಲ್ಲಿ ಸಿಕ್ಕಿದ ಹಳೆಯ ಶಿಲುಬೆ, ಬಾಗಿ ತಿರುಚಿಕೊಂಡ ಸ್ಥಿತಿಯಲ್ಲಿಯೇ, ಈಗ ಮಂದಿರದ ಒಳಗೆ ನಿಂತಿದೆ.

ಡ್ರೆಸ್ಡೆನ್ನಿನಲ್ಲಿ ಔರಂಗಜೇಬ

ಇಗರ್ಜಿಯಿಂದ ಅರಮನೆಗೆ ಕೆಲವೇ ಹೆಜ್ಜೆ. ದಾರಿಯ ಗೋಡೆಯುದ್ದಕ್ಕೂ ಸ್ಯಾಕ್ಸನಿಯ ಮೂವತ್ತೈದು ಅರಸರು ಕುದುರೆಯೇರಿ ಸಾಗುವ ಚಿತ್ರವಿದೆ. ಉದ್ದ 102 ಮೀಟರು. ಮೈಸನ್ನಿನ ಪ್ರಸಿದ್ಧ ಪಿಂಗಾಣಿಯ ಸುಮಾರು 23,000 ಬಿಲ್ಲೆಗಳು. ಕಲ್ಲಿನ ಗುಮ್ಮಟವನ್ನು ಕೆಡವಿದ ಬೆಂಕಿ, ಕುಲುಮೆಯಲ್ಲಿ ಒಮ್ಮೆ ಬೆಂದು ಬಂದಿದ್ದ ಈ ಬಿಲ್ಲೆಗಳನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟಿತು!

ಅರಮನೆಯ ಭಂಡಾರಕ್ಕೆ 'ಹಸುರು ಕಮಾನು' ಎಂದು ಹೆಸರು. ಇಲ್ಲಿ ಕನ್ನಡಿಗನಾದ ಪ್ರವಾಸಿ ತಟ್ಟನೆ ನಿಲ್ಲುತ್ತಾನೆ. ಗಾಜಿನ ಪೆಟ್ಟಿಗೆಯೊಂದರಲ್ಲಿ ಔರಂಗಜೇಬ ಬಾದಶಹನ ಹುಟ್ಟುಹಬ್ಬದ ದರ್ಬಾರು! ಚಿನ್ನ, ಬೆಳ್ಳಿ, ಐದು ಸಾವಿರದಷ್ಟು ವಜ್ರಗಳು. ಆನೆ, ಪಲ್ಲಕ್ಕಿ, ಕಾಣಿಕೆ ಹೊತ್ತ ಸಾಮಂತರು, ನೂರಮೂವತ್ತಕ್ಕೂ ಹೆಚ್ಚು ಪುಟ್ಟ ಬೊಂಬೆಗಳು. ಅಗಸ್ಟಸ್ ದೊರೆಯ ಅಕ್ಕಸಾಲಿಗ ಡಿಂಗ್ಲಿಂಗರ್ ತನ್ನ ತಮ್ಮಂದಿರೊಡನೆ 1701ರಿಂದ 1708ರ ವರೆಗೆ ಕುಳಿತು ಮಾಡಿದ ಕೆಲಸವಿದು. ಭರತಖಂಡವನ್ನು ಆತ ಕಂಡವನಲ್ಲ; ಪ್ರವಾಸಿಗಳ ಬರಹಗಳನ್ನು ಓದಿ ಕಲ್ಪಿಸಿಕೊಂಡದ್ದು. ಆತ ಹೀಗೆ ದೆಹಲಿಯ ವೈಭವವನ್ನು ಕೆತ್ತುತ್ತಿದ್ದಾಗ ನಿಜವಾದ ಔರಂಗಜೇಬ ದೆಹಲಿಯಲ್ಲಿ ಇರಲೇ ಇಲ್ಲ. 1686ರಲ್ಲಿ ವಿಜಾಪುರವನ್ನು ಗೆದ್ದ ಮೇಲೂ ದಖನ್ನಿನ ಯುದ್ಧ ಮುಗಿಯದೆ, ಎಂಬತ್ತು ದಾಟಿದ ಮುದುಕ 1705ರಲ್ಲಿ ಸುರಪುರದ ಬೇಡ ನಾಯಕರ ವಾಗಣಗೇರಾ ಕೋಟೆಯ ಮುಂದೆ ಡೇರೆ ಹಾಕಿಕೊಂಡಿದ್ದ. 1707ರಲ್ಲಿ ಅಹಮದನಗರದಲ್ಲಿ ಕಣ್ಣುಮುಚ್ಚಿದ. ಬಾದಶಹನೇ ಇಲ್ಲವಾದ ಮರುವರ್ಷ ಆತನ ಹುಟ್ಟುಹಬ್ಬದ ಬೊಂಬೆಯಾಟ ಡ್ರೆಸ್ಡೆನ್ನಿನಲ್ಲಿ ಸಿದ್ಧವಾಯಿತು!

ಈ ಭಂಡಾರವೂ ಊರಿನ ಕಷ್ಟವನ್ನು ಉಂಡಿದೆ. ಯುದ್ಧದ ಕೊನೆಯಲ್ಲಿ ರಷ್ಯನ್ನರು ಕೊಂಡೊಯ್ದದ್ದು 1958ರಲ್ಲಿ ಮರಳಿತು. ರಫೇಲನ ಲೋಕಪ್ರಸಿದ್ಧವಾದ 'ಸಿಸ್ಟೀನ್ ಮಡೋನ್ನ' ಚಿತ್ರವೂ ಹೀಗೆಯೇ ಮಾಸ್ಕೋಗೆ ಹೋಗಿ 1955ರಲ್ಲಿ ಹಿಂದಿರುಗಿತು. ತ್ಸ್ವಿಂಗರಿನ ಚಿತ್ರಶಾಲೆಯಲ್ಲಿ ಅದನ್ನು ಕಾಣಬಹುದು. 2019ರ ನವೆಂಬರಿನಲ್ಲಿ ಕಳ್ಳರು ಭಂಡಾರದ ಇನ್ನೊಂದು ಭಾಗಕ್ಕೆ ನುಗ್ಗಿ ಒಡವೆಗಳನ್ನು ಕದ್ದರು. ಅವುಗಳಲ್ಲಿ ಹೆಚ್ಚಿನವು 2022ರಲ್ಲಿ ಸಿಕ್ಕಿದವು.

ನಡೆದು ದಣಿದವರು ಈಗ ಒಂದು ಕಾಫಿ ಕುಡಿಯಬಹುದು. ಕಾಗದದ ಮೂಲಕ ಕಾಫಿಯನ್ನು ಸೋಸುವ ಉಪಾಯವನ್ನು 1908ರಲ್ಲಿ ಕಂಡುಹಿಡಿದವಳು ಇದೇ ಊರಿನ ಗೃಹಿಣಿ, ಮೆಲಿಟ್ಟಾ ಬೆಂಟ್ಸ್. ಚರಟದ ಕಾಟದಿಂದ ಬೇಸತ್ತು, ಹಿತ್ತಾಳೆ ಪಾತ್ರೆಗೆ ಮೊಳೆಯಿಂದ ತೂತು ಹೊಡೆದು, ಮಗನ ಪುಸ್ತಕದ ಒತ್ತುಕಾಗದವನ್ನು ಅದರಲ್ಲಿ ಹಾಸಿದಳಂತೆ. ಹೊಸದೆಂಬುದು ಅಡಿಗೆಮನೆಯಲ್ಲಿಯೂ ಹುಟ್ಟುತ್ತದೆ.

ಮತ್ತೆ ಕಟ್ಟದೆ ಬಿಟ್ಟದ್ದು

ಎರಡನೆಯ ದಿನ ನೋಡಬೇಕಾದದ್ದು ನದಿಯ ದಂಡೆಯ ಯೆಹೂದ್ಯರ ಪ್ರಾರ್ಥನಾ ಮಂದಿರ. ಪ್ರಸಿದ್ಧ ವಾಸ್ತುಶಿಲ್ಪಿ ಗೋಟ್‌ಫ್ರೀಡ್ ಸೆಂಪರ್ 1840ರಲ್ಲಿ ಇಲ್ಲಿ ಕಟ್ಟಿದ್ದ ಮಂದಿರವನ್ನು ಕೆಡವಿದ್ದು ಪರದೇಶದ ವಿಮಾನವಲ್ಲ. 1938ರ ನವೆಂಬರ್ 9ರ ರಾತ್ರಿ ನಾಜಿಗಳೇ ಅದಕ್ಕೆ ಬೆಂಕಿಯಿಟ್ಟರು. ಅರುವತ್ತಮೂರು ವರ್ಷಗಳ ಅನಂತರ ಅದೇ ತಾರೀಖಿನಂದು ಹೊಸ ಮಂದಿರ ತೆರೆಯಿತು. ಆದರೆ ಅದು ಹಳೆಯದರ ಪ್ರತಿಕೃತಿಯಲ್ಲ. ಕಿಟಕಿಯಿಲ್ಲದ ಕಲ್ಲಿನ ಘನ. ಒಂದೊಂದು ವರಸೆಯೂ ಕೆಳಗಿನದಕ್ಕಿಂತ ಕೊಂಚ ಕೊಂಚವೇ ತಿರುಗುತ್ತ ಹೋಗಿ, ತುದಿಯ ವರಸೆ ಪೂರ್ವಕ್ಕೆ ಮುಖಮಾಡಿದೆ. ಹಳೆಯದರಿಂದ ಉಳಿದು ಬಂದದ್ದು ಬಾಗಿಲ ಮೇಲಿನ ಒಂದು ನಕ್ಷತ್ರ. ಅಂದಿನ ಬೆಂಕಿಯಿಂದ ಅದನ್ನು ತೆಗೆದು, ಯುದ್ಧ ಮುಗಿಯುವವರೆಗೆ ಬಚ್ಚಿಟ್ಟವನು ಅಗ್ನಿಶಾಮಕ ದಳದ ಒಬ್ಬ ನೌಕರ.

ಈ ಮಂದಿರವನ್ನು ನೋಡಿದವನಿಗೆ ಡ್ರೆಸ್ಡೆನ್ನಿನ ದುಃಖ ಅಷ್ಟು ಸರಳವಾಗಿ ಕಾಣುವುದಿಲ್ಲ. ಪ್ರಾಧ್ಯಾಪಕ ವಿಕ್ಟರ್ ಕ್ಲೆಂಪರರ್ ಯೆಹೂದ್ಯನೆಂಬ ಕಾರಣಕ್ಕೆ 1935ರಲ್ಲಿ ಕೆಲಸ ಕಳೆದುಕೊಂಡು, ಈ ಊರಿನಲ್ಲಿಯೇ ಬದುಕಿ, ಗುಟ್ಟಾಗಿ ದಿನಚರಿ ಬರೆದವರು. 1945ರ ಫೆಬ್ರುವರಿ 13ರಂದು ಊರಿನಲ್ಲಿ ಉಳಿದಿದ್ದ ಕೆಲವೇ ಯೆಹೂದ್ಯರಿಗೆ ಗಡೀಪಾರಿನ ಆಜ್ಞೆಯನ್ನು ಮನೆಮನೆಗೆ ತಲುಪಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಅದೇ ರಾತ್ರಿ ಬಾಂಬು ಬಿತ್ತು. ಗದ್ದಲದಲ್ಲಿ ಅವರ ಪತ್ನಿ ಅಂಗಿಯ ಮೇಲಿದ್ದ ಹಳದಿ ನಕ್ಷತ್ರವನ್ನು ಚಾಕುವಿನಿಂದ ಕಿತ್ತುಹಾಕಿದಳು, ಇಬ್ಬರೂ ಪಾರಾದರು. ಸಾವಿರಾರು ಮಂದಿಯನ್ನು ಕೊಂದ ಬೆಂಕಿಯೇ ಅವರನ್ನು ಉಳಿಸಿತು. 1995ರಲ್ಲಿ ಆ ದಿನಚರಿ ಅಚ್ಚಾದಾಗ ಜರ್ಮನಿಯೆಲ್ಲ ಅದನ್ನು ಓದಿತು.

ಇದೇ ಮಾತನ್ನು ನದಿಯಾಚೆಯ ಸೈನಿಕ ವಸ್ತುಸಂಗ್ರಹಾಲಯ ಇನ್ನೊಂದು ರೀತಿಯಲ್ಲಿ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಶಸ್ತ್ರಾಗಾರವನ್ನು ಸೀಳಿಕೊಂಡು ಉಕ್ಕಿನ ಬೆಣೆಯೊಂದು ಹೊರಬಂದಿದೆ. 2011ರಲ್ಲಿ ಡೇನಿಯಲ್ ಲೀಬೆಸ್ಕಿಂಡ್ ಎಂಬ ವಾಸ್ತುಶಿಲ್ಪಿ ಮಾಡಿದ ಕೆಲಸ. ಅದರ ಮೇಲಂತಸ್ತಿನಲ್ಲಿ ಡ್ರೆಸ್ಡೆನ್ನಿನ ಬೀದಿಯ ಹಾಸುಗಲ್ಲುಗಳ ಪಕ್ಕದಲ್ಲಿಯೇ, ಜರ್ಮನ್ ವಿಮಾನಗಳು ಹಾಳುಮಾಡಿದ ಪೋಲೆಂಡಿನ ವಿಯೆಲುನ್ ಮತ್ತು ಹಾಲೆಂಡಿನ ರಾಟರ್‌ಡಾಮ್ ನಗರಗಳ ಕಲ್ಲುಗಳನ್ನೂ ಇಟ್ಟಿದ್ದಾರೆ.

ಹೊಸದರ ಆಸೆಗೆ ಈ ನಗರ ಬೆಲೆ ತೆತ್ತದ್ದೂ ಉಂಟು. ಇಲ್ಲಿಯ ಎಲ್ಬೆ ಕಣಿವೆಯನ್ನು 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಯುನೆಸ್ಕೋ, ಕಣಿವೆಗೆ ಅಡ್ಡಲಾಗಿ ಹೊಸ ಸೇತುವೆ ಕಟ್ಟುವುದನ್ನು ಊರು ಬಿಡದಿದ್ದುದರಿಂದ 2009ರಲ್ಲಿ ಅದನ್ನು ತೆಗೆದುಹಾಕಿತು. ಜನರೇ ಮತ ಹಾಕಿ ಸೇತುವೆ ಬೇಕೆಂದಿದ್ದರು. 2013ರಲ್ಲಿ ಅದು ತೆರೆಯಿತು.

ಸಂಜೆ ಮರಳಿ ಫ್ರೌವೆನ್‌ಕಿರ್ಖೆಯ ಚೌಕಕ್ಕೆ ಬಂದರೆ ಇಳಿಬಿಸಿಲಿನಲ್ಲಿ ಗೋಡೆಯ ಎರಡು ಬಣ್ಣಗಳೂ ಸ್ಪಷ್ಟವಾಗಿ ಕಾಣುತ್ತವೆ. ಆದರೆ ಈ ಭೇದ ಶಾಶ್ವತವಲ್ಲ. ಎಲ್ಬೆಯ ಮರಳುಗಲ್ಲಿನ ಗುಣವೇ ಗಾಳಿಮಳೆಗೆ ಕಪ್ಪಾಗುವುದು. ಇಂದಿನ ಹೊಸ ಕಲ್ಲೂ ಕೆಲವು ತಲೆಮಾರುಗಳಲ್ಲಿ ಹಳೆಯದರ ಬಣ್ಣವನ್ನೇ ಪಡೆಯುತ್ತದೆ. ಯಾವುದು ಬಿದ್ದು ಎದ್ದ ಕಲ್ಲು, ಯಾವುದು ಆಮೇಲೆ ಬಂದದ್ದೆಂದು ಆಗ ಕಣ್ಣಿಗೆ ತಿಳಿಯದು; ತಿಳಿದವರು ಮಕ್ಕಳಿಗೆ ಹೇಳಬೇಕು.

ಪ್ರತಿವರ್ಷ ಫೆಬ್ರುವರಿ 13ರಂದು ಊರಿನ ಸಾವಿರಾರು ಜನ ಚಳಿಯಲ್ಲಿ ಕೈಕೈ ಹಿಡಿದು, ನದಿಯ ಎರಡು ದಂಡೆಗಳನ್ನೂ ಕೂಡಿಸಿ ಸಾಲಾಗಿ ನಿಲ್ಲುತ್ತಾರೆ. ರಾತ್ರಿ ಮುಕ್ಕಾಲು ಹತ್ತು ಗಂಟೆಗೆ, ಅಂದು ಅಪಾಯದ ಸೀಟಿ ಕೂಗಿದ ಹೊತ್ತಿಗೆ ಸರಿಯಾಗಿ, ಎಲ್ಲ ಇಗರ್ಜಿಗಳ ಘಂಟೆಗಳೂ ಬಾರಿಸುತ್ತವೆ. ಮಕ್ಕಳು 'ಏಕೆ?' ಎಂದು ಕೇಳುವುದು ಆಗಲೇ.